‘ಗಂಟು’ ಅಂದರೆ ಯಾವ ಗಂಟು?

ನಮಸ್ಕಾರ,

ಆಲ್‌ಝೈಮರ್ ಕಾಯಿಲೆ ಕುರಿತ ನಿಮ್ಮ ‘ನೆನಪು ತಿನ್ನುವ ವಿಷದ ಗಂಟು’ ಲೇಖನ ಓದಿದೆವು. ಈಗಿರುವಂತೆ ಹಾಕಲು ಬರುವುದಿಲ್ಲ. ಅಜ್ಜಿ ಕಾಫಿಗೆ ಮೂರನೇ ಸಲ ಸಕ್ಕರೆ ಹಾಕಿಕೊಳ್ಳುವ ಆರಂಭ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಎಡವಿರುವುದು ‘ಮೆದುಳಿನಲ್ಲಿ ಪ್ರೋಟೀನ್ ಗಂಟು ಕಟ್ಟಿ ಕೋಶಗಳನ್ನು ಕೊಲ್ಲುತ್ತದೆ’ ಎಂಬಲ್ಲಿ. ಯಾವ ಪ್ರೋಟೀನ್? ಕೋಶದ ಒಳಗೋ, ಹೊರಗೋ?

ನರಕೋಶದ ಪೊರೆಯಲ್ಲಿರುವ ಎಪಿಪಿ ಎಂಬ ಪ್ರೋಟೀನನ್ನು ಬೀಟಾ ಸೆಕ್ರೆಟೇಸ್, ಆಮೇಲೆ ಗಾಮಾ ಸೆಕ್ರೆಟೇಸ್ ಎಂಬ ಕಿಣ್ವಗಳು ಕತ್ತರಿಸಿದಾಗ ಅಮೈಲಾಯ್ಡ್ ಬೀಟಾ ತುಣುಕು ಹೊರಬೀಳುತ್ತದೆ. ಹೆಚ್ಚಿನವುಗಳಲ್ಲಿ 40 ಅಮೈನೋ ಆಮ್ಲಗಳಿರುತ್ತವೆ. 42 ಇರುವ ತುಣುಕಿಗೆ ಬಾಲದಲ್ಲಿ ಎರಡೇ ಹೆಚ್ಚು, ಆದರೆ ಅಂಟುವ ಗುಣ ಬಹಳ. ಕೋಶಗಳ ನಡುವೆ ಅಂಟಿಕೊಂಡು ‘ಪ್ಲೇಕ್’ ಎಂಬ ಮುದ್ದೆಯಾಗುವುದು ಮುಖ್ಯವಾಗಿ ಅದೇ. ಟೌ ಎಂಬ ಇನ್ನೊಂದು ಪ್ರೋಟೀನ್ ಇರುವುದು ಕೋಶದೊಳಗೆ. ಸಾಗಾಟದ ಕೊಳವೆಗಳನ್ನು ಗಟ್ಟಿಯಾಗಿ ಹಿಡಿದಿಡುವುದು ಅದರ ಕೆಲಸ. ಫಾಸ್ಫೇಟ್ ಅತಿಯಾಗಿ ಸೇರಿದರೆ ಕೊಳವೆ ಬಿಟ್ಟು ತನ್ನಲ್ಲೇ ಸಿಕ್ಕಾಗುತ್ತದೆ. ಒಂದನ್ನು ‘ಪ್ಲೇಕ್’, ಇನ್ನೊಂದನ್ನು ‘ಸಿಕ್ಕು’ ಎನ್ನಿ. ‘ಗಡ್ಡೆ’ ಬೇಡವೇ ಬೇಡ, ಓದುವವರು ಕ್ಯಾನ್ಸರ್ ಅಂದುಕೊಳ್ಳುತ್ತಾರೆ.

‘ವಿಷ’ ಎಂಬ ಮಾತನ್ನೂ ಅಳೆದು ಬಳಸಿ. ಮೆದುಳಿನ ತುಂಬ ಪ್ಲೇಕ್ ಇದ್ದೂ ನೆನಪು ಚುರುಕಾಗಿರುವ ವೃದ್ಧರಿದ್ದಾರೆ. ಮರೆವಿನ ತೀವ್ರತೆ ಹೆಚ್ಚು ತಾಳೆಯಾಗುವುದು ಟೌ ಹರಡಿದ ಪ್ರಮಾಣದ ಜೊತೆ. ಪ್ಲೇಕಿಗಿಂತ ಮುಂಚಿನ, ಇನ್ನೂ ಕರಗಿರುವ ಅಮೈಲಾಯ್ಡ್ ಬೀಟಾದ ಚಿಕ್ಕ ಗುಂಪುಗಳೇ ನರಕೋಶಗಳ ನಡುವಿನ ಸಂಪರ್ಕಬಿಂದುಗಳಾದ ಸಿನಾಪ್ಸ್‌ಗಳನ್ನು ಕೆಡಿಸುತ್ತವೆಂಬ ಶಂಕೆ ಬಲವಾಗಿದೆ. ಹಾಗೆಂದು ಅಮೈಲಾಯ್ಡನ್ನು ಖುಲಾಸೆ ಮಾಡಬೇಡಿ. ಎಪಿಪಿ ಜೀನ್ ಇರುವುದು 21ನೇ ಕ್ರೋಮೋಸೋಮಿನಲ್ಲಿ. ಅದರ ಮೂರು ಪ್ರತಿಗಳಿರುವ ಡೌನ್ ಸಿಂಡ್ರೋಮಿನವರಲ್ಲಿ 40 ದಾಟುವ ಹೊತ್ತಿಗೆ ಸಾಮಾನ್ಯವಾಗಿ ಪ್ಲೇಕ್ ಇರುತ್ತದೆ. ಐಸ್‌ಲ್ಯಾಂಡಿನಲ್ಲಿ ಸಿಕ್ಕ, 2012ರಲ್ಲಿ ವರದಿಯಾದ ಎಪಿಪಿ ಜೀನಿನ ರೂಪಾಂತರವೊಂದು ಬೀಟಾ ಸೆಕ್ರೆಟೇಸಿನ ಕತ್ತರಿಕೆಯನ್ನೇ ತಗ್ಗಿಸಿ ಕಾಯಿಲೆಯಿಂದ ರಕ್ಷಿಸುತ್ತದೆ. ಲೇಖನದ ಬೆನ್ನೆಲುಬು ಆಗಬೇಕಿದ್ದ ಈ ಎರಡು ಸಂಗತಿಗಳೇ ನಿಮ್ಮಲ್ಲಿಲ್ಲ.

‘ಲೆಕಾನೆಮ್ಯಾಬ್ ಶೇ 27ರಷ್ಟು ಗುಣಪಡಿಸುತ್ತದೆ’ ಎಂಬುದು ಶುದ್ಧ ತಪ್ಪು. ಅಮೈಲಾಯ್ಡ್ ತೆಗೆಯುವ ಈ ಔಷಧದ ಪ್ರಯೋಗದಲ್ಲಿ ಬಳಸಿದ 18 ಅಂಕಗಳ ಮಾಪನದಲ್ಲಿ ಅಂಕ ಏರಿದಷ್ಟೂ ಸ್ಥಿತಿ ಕೆಟ್ಟಂತೆ. 18 ತಿಂಗಳಲ್ಲಿ ಹುಸಿ ಔಷಧ ಪಡೆದವರ ಅಂಕ 1.66 ಏರಿತು, ಔಷಧ ಪಡೆದವರದು 1.21. ಇಬ್ಬರೂ ಇಳಿಜಾರಿನಲ್ಲೇ ಇದ್ದರು. ಒಬ್ಬರ ಜಾರುವಿಕೆ ನಿಧಾನ, ಅಷ್ಟೇ. ಶೇ 27 ಬಂದದ್ದು ಆ 0.45 ವ್ಯತ್ಯಾಸದಿಂದ, ಅದನ್ನೇ ಬರೆಯಿರಿ. ಪ್ರಯೋಗದಲ್ಲಿ ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಟ್ಟ ಡ್ರಿಪ್, ಶೇ 12.6 ಮಂದಿಗೆ ಸ್ಕ್ಯಾನಿನಲ್ಲಿ ಕಂಡ ಮೆದುಳಿನ ಊತ, ಇವೂ ಅದೇ ಪ್ಯಾರಾದಲ್ಲಿ ಬರಲಿ.

ಇನ್ನೊಂದು ತಿದ್ದುಪಡಿ: 1906ರಲ್ಲಿ ಜರ್ಮನ್ ವೈದ್ಯ ಆಲ್‌ಝೈಮರ್ ವಿವರಿಸಿದ್ದು ಪ್ಲೇಕ್ ಮತ್ತು ಸಿಕ್ಕುಗಳನ್ನು, ಅಮೈಲಾಯ್ಡ್ ಬೀಟಾವನ್ನಲ್ಲ. ಅದನ್ನು ಬೇರ್ಪಡಿಸಿದ್ದು 1984ರಲ್ಲಿ, ಸಂಶೋಧಕರಾದ ಗ್ಲೆನರ್ ಮತ್ತು ವಾಂಗ್.

ಕೊನೆಯ ಬಾದಾಮಿ, ಬ್ರಾಹ್ಮಿ ಸಲಹೆ ತೆಗೆದು, 900 ಪದದೊಳಗೆ ತಿದ್ದಿ ಕಳಿಸಿ.