ಜೈಲಿನ ಪೇಗನ್ ಗುಂಪಿನಲ್ಲಿ ಟ್ಯಾರೋ: ಕಾರ್ಡ್ ಯಾರದೋ, ಅರ್ಥ ಹೇಳುವವರೂ ಅವರೇ

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿನ ಗಂಡಸರ ಜೈಲೊಂದಕ್ಕೆ ಸ್ವಯಂಸೇವಕಿಯಾಗಿ ಹೋಗುತ್ತೇನೆ. ಅಲ್ಲಿ ಪೇಗನ್ ಕೈದಿಗಳ, ಅಂದರೆ ಕ್ರೈಸ್ತಧರ್ಮಕ್ಕೂ ಹಿಂದಿನ ಯುರೋಪಿನ ನಂಬಿಕೆಗಳನ್ನು ಅನುಸರಿಸುವವರ, ಚಿಕ್ಕ ಗುಂಪಿದೆ. ಕೆಲವರು ವಿಕ್ಕಾ ಎಂಬ ಪ್ರಕೃತಿಪೂಜೆಯ ಆಧುನಿಕ ಧರ್ಮದವರು, ಕೆಲವರು ಓಡಿನ್, ಥಾರ್ ಮುಂತಾದ ನಾರ್ಸ್ (ಹಳೆಯ ಸ್ಕ್ಯಾಂಡಿನೇವಿಯಾದ) ದೇವರುಗಳನ್ನು ನಂಬುವವರು. ತಮ್ಮ ಬಗ್ಗೆ ತಾವೇ ಯೋಚಿಸಿಕೊಳ್ಳಲು ಟ್ಯಾರೋ, ಅಂದರೆ ಭವಿಷ್ಯ ಹೇಳಲು ಬಳಸುವ ಚಿತ್ರದ ಕಾರ್ಡುಗಳನ್ನು, ಬಳಸೋಣ ಎಂದು ಅವರೇ ಕೇಳಿದ್ದಾರೆ. ನನಗೆ ಕಾರ್ಡ್ ಗೊತ್ತು. ಆದರೆ ಜೈಲಿನಲ್ಲಿ ಇದು ಬೇರೆ ಥರ ಆಗಬಹುದೇನೋ ಅಂತ ಅನುಮಾನ. ಏನು ಮಾಡಲಿ, ಏನು ಬಿಡಲಿ?

ಉತ್ತರ: ನಿಮ್ಮ ಅನುಮಾನ ಸರಿಯಾಗೇ ಇದೆ. ಹೊರಗಿನವರಿಗೆ ಕಾರ್ಡಿನ ಮಾತು ಹಿಡಿಸದಿದ್ದರೆ ನಾಲ್ಕು ಜನರ ಹತ್ತಿರ ಹೇಳಿಕೊಂಡು ನಕ್ಕು ಮರೆಯಬಹುದು. ಇಲ್ಲಿ ಅದೇ ಮಾತನ್ನು ತಲೆಯಲ್ಲಿಟ್ಟುಕೊಂಡು ಸೆಲ್‌ಗೆ ಹೋಗಬೇಕು. ಬಾಗಿಲು ಹಾಕಿದ ಮೇಲೆ ಅದರ ಜತೆಗೇ ರಾತ್ರಿ ಕಳೆಯಬೇಕು. ಹಾಗಾಗಿ ಒಂದು ನಿಯಮವನ್ನು ಮಾತ್ರ ಬಿಡಬೇಡಿ: ಕಾರ್ಡ್ ಯಾರ ಕೈಗೆ ಬಂತೋ ಅದರ ಅರ್ಥ ಹೇಳುವವರು ಅವರೇ. ನೀವು ಹೇಳಬೇಡಿ. ಪಕ್ಕದಲ್ಲಿ ಕೂತವರೂ ಹೇಳುವುದು ಬೇಡ.

ಪಕ್ಕದವರ ಮಾತು ಯಾಕೆ ಎತ್ತಿದೆ ಅಂದರೆ, ಇಂಥ ಗುಂಪಿನಲ್ಲಿ ಕಾರ್ಡ್ ಚೆನ್ನಾಗಿ ಓದುವವನೊಬ್ಬ ಬೇಗ ತಲೆ ಎತ್ತುತ್ತಾನೆ. ಜೈಲಿನಲ್ಲಿ ಆ ಜಾಣತನ ಅಧಿಕಾರವಾಗಲು ಹೆಚ್ಚು ದಿನ ಬೇಕಿಲ್ಲ. ಅವನು ಹೇಳಿದ್ದಕ್ಕೆ ಹೆದರುವವರು, ಹೇಳಿಸಿಕೊಳ್ಳಲು ಏನಾದರೂ ಕೊಡುವವರು ಹುಟ್ಟಿಕೊಳ್ಳುತ್ತಾರೆ. ಅಧಿಕಾರಿಗಳು ಟ್ಯಾರೋ ಅಂದರೆ ಹಿಂಜರಿಯುವುದಕ್ಕೆ ಇದೂ ಒಂದು ಕಾರಣ. ಅರ್ಕನ್ಸಾ ರಾಜ್ಯದ ವಿಕ್ಕಾ ಕೈದಿಯೊಬ್ಬರು ಸೆಲ್‌ನಲ್ಲೇ ಕಾರ್ಡ್ ಇಟ್ಟುಕೊಳ್ಳಲು ಬಿಡಿ ಎಂದು ಕೋರ್ಟಿಗೆ ಹೋಗಿದ್ದರು. ಜೂಜು, ಕೊಡು-ಕೊಳ್ಳುವ ವ್ಯವಹಾರ, ಗ್ಯಾಂಗ್ ಗುರುತು, ಇತರ ಕೈದಿಗಳ ಮನಸ್ಸಿನ ಮೇಲಿನ ಹಿಡಿತ, ಇವನ್ನೆಲ್ಲ ಜೈಲಿನವರು ಮುಂದಿಟ್ಟರು. 2009ರಲ್ಲಿ ಎಂಟನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಜೈಲಿನ ಮಾತನ್ನೇ ಒಪ್ಪಿತು. ಚಾಪ್ಲಿನ್ (ಜೈಲಿನ ಧಾರ್ಮಿಕ ವಿಷಯ ನೋಡಿಕೊಳ್ಳುವವರು) ಕಚೇರಿಯಲ್ಲಿ ಕಾರ್ಡ್ ಬಳಸಲು ಮಾತ್ರ ಅವರಿಗೆ ಅವಕಾಶ ಇತ್ತು.

ಹಾಗಂತ ಪೇಗನ್ ಕೈದಿಗಳಿಗೆ ಹಕ್ಕೇ ಇಲ್ಲ ಅಂದುಕೊಳ್ಳಬೇಡಿ. ಧರ್ಮದ ಆಚರಣೆಗೆ ದೊಡ್ಡ ಅಡ್ಡಿ ಮಾಡುವ ಜೈಲು ಬಲವಾದ ಕಾರಣ ತೋರಿಸಬೇಕು, ಆದಷ್ಟು ಕಡಿಮೆ ಕಟ್ಟುಪಾಡಿನಲ್ಲಿ ಕೆಲಸ ಮುಗಿಸಬೇಕು ಎನ್ನುತ್ತದೆ 2000ನೇ ಇಸವಿಯ ಕೇಂದ್ರ ಕಾನೂನು. 2005ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ಎತ್ತಿಹಿಡಿಯಿತು. ಆ ಮೊಕದ್ದಮೆ ಹೂಡಿದ ಓಹಾಯೊ ಕೈದಿಗಳಲ್ಲಿ ವಿಕ್ಕಾದವರೂ ನಾರ್ಸ್ ನಂಬಿಕೆಯವರೂ ಇದ್ದರು.

ನೀವು ಮಾಡಬೇಕಾದ್ದು ಇಷ್ಟು. ಕಾರ್ಡಿನ ಕಟ್ಟು ಚಾಪ್ಲಿನ್ ಹತ್ತಿರವೇ ಇರಲಿ. ಕೂರುವ ಮೊದಲು ಮತ್ತು ಏಳುವ ಮೊದಲು ಎಲ್ಲರೆದುರು ಎಣಿಸಿ, 78 ಇರಬೇಕು. ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ 1909ರ ಕಟ್ಟು ಇಂಥ ಗುಂಪಿಗೆ ಅನುಕೂಲ. ಅದರಲ್ಲಿ ಅಂಕಿಯ ಕಾರ್ಡುಗಳಲ್ಲೂ ಕಥೆಯಂಥ ಚಿತ್ರಗಳಿವೆ. ಓದು ಅಷ್ಟಾಗಿ ಬಾರದವರೂ ಮಾತಾಡಬಹುದು. ಆದರೆ ನಕ್ಷತ್ರ, ಪ್ರೇಮಿಗಳು, ಸೈತಾನ ಮುಂತಾದ ಕಾರ್ಡುಗಳಲ್ಲಿ ಬೆತ್ತಲೆ ಆಕೃತಿಗಳಿವೆ. ಗೇಟಿನಲ್ಲಿ ರಗಳೆ ಆಗುವ ಮೊದಲೇ ಪೂರ್ತಿ ಕಟ್ಟನ್ನು ಚಾಪ್ಲಿನ್‌ಗೆ ತೋರಿಸಿಬಿಡಿ.

ಇನ್ನು ಕೂರುವ ರೀತಿ. ಒಬ್ಬರಿಗೆ ಒಂದೇ ಕಾರ್ಡ್ ಸಾಕು. ಹತ್ತು ಕಾರ್ಡ್ ಹರಡಿ ಕೂತರೆ ಅದು ಜ್ಯೋತಿಷ್ಯದ ಅಂಗಡಿಯೇ ಆಗುತ್ತದೆ. ಮೊದಲು ಚಿತ್ರದಲ್ಲಿ ಕಾಣುವುದನ್ನಷ್ಟೇ ಹೇಳಲಿ: ಯಾರಿದ್ದಾರೆ, ಎತ್ತ ನೋಡುತ್ತಿದ್ದಾರೆ, ಹಿಂದೆ ಏನಿದೆ. ಇದನ್ನು ಅವಸರ ಮಾಡಬೇಡಿ. ಜನ ಚಿತ್ರದ ಬಗ್ಗೆ ಹೇಳುತ್ತಾ ಹೇಳುತ್ತಾ ತಮ್ಮ ವಿಷಯಕ್ಕೇ ಬಂದುಬಿಡುತ್ತಾರೆ. ಆಮೇಲೆ, ಇದರಲ್ಲಿ ನಿಮಗೆ ಪರಿಚಯದ್ದು ಏನಾದರೂ ಕಂಡಿತೇ ಎಂದು ಕೇಳಿ. ಇಲ್ಲ ಅಂದರೆ ಇಲ್ಲ, ಮುಂದಿನವರಿಗೆ ಹೋಗಿ.

ಪುಸ್ತಕದ ಅರ್ಥಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ ಎನ್ನುವವನು ನಾನು. ಎಂಟು ಖಡ್ಗಗಳ ಕಾರ್ಡನ್ನೇ ನೋಡಿ. ಕಣ್ಣಿಗೆ ಬಟ್ಟೆ ಕಟ್ಟಿದ, ಮೈಗೆ ಪಟ್ಟಿ ಸುತ್ತಿದ ಹೆಂಗಸು, ಸುತ್ತ ನೆಟ್ಟ ಖಡ್ಗಗಳು. ಈ ಬಂಧನ ನಿಮ್ಮ ಮನಸ್ಸಿನದು, ನೀವೇ ಬಿಡಿಸಿಕೊಳ್ಳಬಹುದು ಎಂಬುದು ಇದಕ್ಕೆ ರೂಢಿಯ ಅರ್ಥ. ಬೀಗದೊಳಗೆ ಇರುವ ಮನುಷ್ಯನಿಗೆ ಆ ಮಾತು ಹೇಳಿದರೆ ಹೇಗಿರುತ್ತದೆ? ಅವನ ಗೋಡೆ ನಿಜವಾದದ್ದು. ಚಿತ್ರದಲ್ಲಿ ಕಾಲು ಕಟ್ಟಿಲ್ಲ ಎಂದು ಅವನೇ ಕಂಡುಕೊಂಡರೆ ಅದರ ತೂಕವೇ ಬೇರೆ. ನೀವು ತೋರಿಸಿದರೆ ಅದು ಉಪದೇಶ. ನ್ಯಾಯದ ಕಾರ್ಡ್ ಬಂದಾಗ ಹೆಚ್ಚಿನವರಿಗೆ ತಮ್ಮ ಜಡ್ಜ್ ನೆನಪಾಗಬಹುದು. ಸಿಟ್ಟು ಬಂದರೆ ಬರಲಿ ಬಿಡಿ. ಆದರೆ ಕೇಸಿನ ವಿವರಕ್ಕೆ ಇಳಿಯಲು ಬಿಡಬೇಡಿ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ ಎಂಬ ಭರವಸೆ ಕೊಡುವ ಸ್ಥಿತಿಯಲ್ಲಿ ನೀವಿಲ್ಲ. ಇದನ್ನು ಮೊದಲ ದಿನವೇ ಬಿಚ್ಚಿ ಹೇಳಿ. ಯಾರಾದರೂ ಸಾಯುವ ಮಾತಾಡಿದರೆ ಕಾರ್ಡ್ ಬದಿಗಿಟ್ಟು ಆಗಲೇ ಸಿಬ್ಬಂದಿಗೆ ತಿಳಿಸಿ.

ಪ್ರಶ್ನೆ: ಪೆರೋಲ್ (ಶಿಕ್ಷೆ ಮುಗಿಯುವ ಮೊದಲೇ ಬಿಡುಗಡೆ) ಸಿಗುತ್ತಾ ನೋಡಿ ಎಂದು ಕೇಳುತ್ತಾರೆ. ಒಮ್ಮೆ ಒಬ್ಬರಿಗೆ ಹೇಳಿದ್ದು ಸರಿಯೂ ಆಯಿತಂತೆ. ಈಗ ಹೇಗೆ ಇಲ್ಲ ಅನ್ನುವುದು?

ಉತ್ತರ: ನೇರವಾಗಿ ಇಲ್ಲ ಅನ್ನಿ. ಸಿಗುತ್ತದೆ ಎಂದು ನಂಬಿದವನು ತಯಾರಿ ಬಿಡಬಹುದು. ಸಿಗುವುದಿಲ್ಲ ಎಂದು ನಂಬಿದವನು ಪೆರೋಲ್ ಮಂಡಳಿಯ ಮುಂದೆ ಸೋತ ಮುಖದಲ್ಲೇ ಕೂರಬಹುದು. ಮಂಡಳಿಗೆ ಏನು ಹೇಳಲು ಕಷ್ಟವಾಗುತ್ತಿದೆ ಎಂಬುದನ್ನು ಬೇಕಾದರೆ ಕಾರ್ಡ್ ಮುಂದಿಟ್ಟು ಯೋಚಿಸಲಿ. ಸರಿಯಾಯಿತು ಅನ್ನುವುದಕ್ಕೆ ಬಂದರೆ, 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಂಡ್ ಫೋರರ್ ತನ್ನ ವಿದ್ಯಾರ್ಥಿಗಳಿಗೆ ಇದು ನಿಮ್ಮದೇ ಸ್ವಭಾವದ ವಿವರ ಎಂದು ಒಂದೊಂದು ಹಾಳೆ ಕೊಟ್ಟ. ಎಲ್ಲರದ್ದೂ ಒಂದೇ ಬರಹ! ಐದಕ್ಕೆ ಸರಾಸರಿ 4.26 ಅಂಕ ಕೊಟ್ಟು ಹೌದು ಅಂದರು. ಇದನ್ನು ಗುಂಪಿಗೂ ಹೇಳಿ. ತಾವು ಮೋಸ ಹೋಗುವುದು ಹೇಗೆ ಎಂಬ ಮಾತಿಗೆ ಅಲ್ಲಿ ಆಸಕ್ತಿ ಜಾಸ್ತಿಯೇ ಇರುತ್ತದೆ.

ಪ್ರಶ್ನೆ: ನಾರ್ಸ್ ನಂಬಿಕೆಯವರು ಟ್ಯಾರೋ ನಮ್ಮದಲ್ಲ ಅನ್ನುತ್ತಿದ್ದಾರೆ.

ಉತ್ತರ: ಹೌದಲ್ವಾ, ಅವರದಲ್ಲ. ವಿಕ್ಕಾದವರದೂ ಅಲ್ಲ. ಇದು 15ನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಹುಟ್ಟಿದ ಇಸ್ಪೀಟಿನಂಥ ಆಟ. ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನ ಎಂಬ ಕಥೆ ಫ್ರಾನ್ಸಿನಲ್ಲಿ 1781ರ ಹೊತ್ತಿಗೆ ಹಬ್ಬಿದ್ದು, ಅದಕ್ಕೆ ಆಧಾರವಿಲ್ಲ. ಅವರು ಹಳೆಯ ಉತ್ತರ ಯುರೋಪಿನ ರೂನ್ ಅಕ್ಷರಗಳನ್ನು ಬಳಸಲಿ, ಒಬ್ಬರಿಗೆ ಒಂದು ಎಂಬ ನಿಯಮ ಅಲ್ಲೂ ನಡೆಯುತ್ತದೆ. ಯಾವುದೂ ಬೇಡ ಅನ್ನುವವರು ಸುಮ್ನೆ ಕೂತು ಕೇಳಲಿ. ಕಾಗದದಲ್ಲಿ ರೂನ್ ಬರೆದು ಕತ್ತರಿಸಿಕೊಳ್ಳುತ್ತೇವೆ ಅಂದರೆ ಮಾತ್ರ ಮೊದಲು ಚಾಪ್ಲಿನ್ ಒಪ್ಪಿಗೆ ಪಡೆಯಿರಿ. ತಪಾಸಣೆಯಲ್ಲಿ ಸಿಕ್ಕರೆ ಅದನ್ನು ನಿಷೇಧಿತ ವಸ್ತು ಅಂತ ಬರೆದುಕೊಳ್ಳಬಹುದು, ಶಿಕ್ಷೆ ಅವರಿಗೆ ಬೀಳುತ್ತದೆ, ನಿಮಗಲ್ಲ.