ಓದುಗರ ಪ್ರಶ್ನೆ: ಅಕ್ವೇರಿಯಂ ಪಂಪಿನ ಜೋಡಣೆಯಲ್ಲಿ ನಿಲ್ಲದ ಸೋರಿಕೆ

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕಡಿ ಉದ್ದದ ಸಿಹಿನೀರಿನ ಅಕ್ವೇರಿಯಂ ಇದೆ. ಅದರ ಸ್ಟ್ಯಾಂಡಿನೊಳಗಿನ ಸಂಪಿನಿಂದ ನೀರನ್ನು ಮೇಲೆತ್ತಲು ಹೊರಗೆ ಕೂರಿಸುವ ಬಗೆಯ ಪ್ಲಾಸ್ಟಿಕ್ ಪಂಪನ್ನು ಬಳಸುತ್ತಿದ್ದೇವೆ. ಪಂಪಿನ ಬಾಯಿಗೆ ಪಿವಿಸಿ ಪೈಪು ಸೇರುವ ಕಡೆ ಎರಡು ತಿಂಗಳಿನಿಂದ ನೀರು ಜಿನುಗುತ್ತಿದೆ. ಟೆಫ್ಲಾನ್ ಟೇಪನ್ನು ಹತ್ತು ಹನ್ನೆರಡು ಸುತ್ತು ಸುತ್ತಿ, ಪೈಪ್ ರೆಂಚಿನಿಂದ ಬಿಗಿ ಮಾಡಿಸಿದೆ. ಒಂದು ವಾರ ನಿಂತು ಮತ್ತೆ ಶುರುವಾಯಿತು. ಪ್ಲಂಬರ್ ನೂಲು, ಸಫೇದ ಹಾಕೋಣ ಎನ್ನುತ್ತಾರೆ. ಅಕ್ವೇರಿಯಂ ಅಂಗಡಿಯವರು ಸಿಲಿಕೋನ್ ಮೆತ್ತಿ ಎನ್ನುತ್ತಾರೆ. ಯಾವುದು ಸರಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡೂ ಬೇಡ. ಮೊದಲು ಒತ್ತಡದ ಲೆಕ್ಕವನ್ನು ನೋಡಿ. ಸಂಪಿನಿಂದ ತೊಟ್ಟಿಯ ಅಂಚಿಗೆ ಒಂದೂವರೆ ಮೀಟರ್ ಎತ್ತರವೆಂದು ಹಿಡಿದರೆ, ಹತ್ತು ಮೀಟರ್ ನೀರಿಗೆ ಸುಮಾರು 1 ಬಾರ್‌ನಂತೆ, ನಿಮ್ಮ ಜೋಡಣೆ ತಡೆಯಬೇಕಾದ ಒತ್ತಡ 0.15 ಬಾರ್‌ನ ಆಸುಪಾಸಿನಲ್ಲಿರುತ್ತದೆ. ಮೂರನೆಯ ಮಹಡಿಯ ಮೇಲಿನ ಟ್ಯಾಂಕಿನಿಂದ ನೆಲಮಹಡಿಯ ನಲ್ಲಿಗೆ ಇಳಿಯುವ ನೀರಿನಲ್ಲಿ ಇದರ ಆರೇಳು ಪಟ್ಟು ಒತ್ತಡವಿರುತ್ತದೆ. ಇಷ್ಟು ಸಣ್ಣ ಒತ್ತಡಕ್ಕೂ ಸೋರುತ್ತಿದೆಯೆಂದರೆ ಬಿಗಿ ಸಾಲದೆಂದಲ್ಲ, ಎಲ್ಲೋ ಹೊಂದಿಕೆ ತಪ್ಪಿದೆ ಎಂದರ್ಥ.

ರೆಂಚ್ ಹಾಕಿದ ಮೇಲೆ ವಾರ ಕಳೆದು ಸೋರಿಕೆ ಮರಳಿದ್ದನ್ನು ಓದಿದಾಗ ನನಗೆ ಮೊದಲು ಬಂದ ಅನುಮಾನ ಬಿರುಕಿನದು. ಪೈಪಿನ ಥ್ರೆಡ್ (ತಿರುಪಿನಂತಹ ಹಲ್ಲುಗಳ ಭಾಗ) ತುದಿಯ ಕಡೆಗೆ ಸಣ್ಣಗಾಗುತ್ತ ಹೋಗಿರುವುದರಿಂದ, ತಿರುಗಿಸಿದಷ್ಟೂ ಅದು ಸೌದೆ ಸೀಳುವ ಬೆಣೆಯಂತೆ ಪಂಪಿನ ಪ್ಲಾಸ್ಟಿಕ್ ಬಾಯಿಯನ್ನು ಒಳಗಿನಿಂದ ಅಗಲಿಸುತ್ತದೆ. ಹನ್ನೆರಡು ಸುತ್ತು ಟೇಪು ಆ ಬೆಣೆಯನ್ನು ಇನ್ನೂ ದಪ್ಪ ಮಾಡುತ್ತದೆ. ಪಂಪಿನ ಪ್ಲಗ್ಗನ್ನು ಕಿತ್ತು, ವಾಲ್ವುಗಳನ್ನು ಮುಚ್ಚಿ, ಜೋಡಣೆಯನ್ನು ಬಿಚ್ಚಿ. ಪಂಪಿನ ಬಾಯನ್ನು ಒರೆಸಿ ಒಣಗಿಸಿದ ಮೇಲೆ ಹೊರಭಾಗಕ್ಕೆ ಸ್ವಲ್ಪ ಶಾಯಿ ಸವರಿ, ತಕ್ಷಣ ಬಟ್ಟೆಯಿಂದ ಒರೆಸಿ ನೋಡಿ. ಕಣ್ಣಿಗೆ ಕಾಣದ ಬಿರುಕಿದ್ದರೆ ಶಾಯಿ ಅದರೊಳಗೆ ಇಳಿದು ಕೂದಲಿನಷ್ಟು ಸಣ್ಣ ಗೆರೆಯಾಗಿ ಉಳಿಯುತ್ತದೆ. ಗೆರೆ ಕಂಡರೆ ಟೇಪಿಗೆ ಹಣ ಸುರಿಯಬೇಡಿ. ಪಂಪಿನ ಮುಂಭಾಗದ ಆ ಕವಚವನ್ನೇ ಬದಲಿಸಬೇಕು.

ಬಿರುಕಿಲ್ಲದಿದ್ದರೆ ಹಳೆಯ ಟೇಪಿನ ಚೂರುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಪೂರ್ತಿ ತೆಗೆಯಿರಿ. ಥ್ರೆಡ್ಡಿನ ತುದಿ ನಿಮ್ಮ ಕಡೆಗಿರುವಂತೆ ಹಿಡಿದುಕೊಂಡು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಟೇಪನ್ನು ಎಳೆದು ಬಿಗಿಯಾಗಿ ಸುತ್ತಬೇಕು; ವಿರುದ್ಧ ದಿಕ್ಕಿನಲ್ಲಿ ಸುತ್ತಿದರೆ ಪೈಪನ್ನು ತಿರುಗಿಸುವಾಗಲೇ ಅದು ಬಿಚ್ಚಿ, ಸುರುಳಿಯಾಗಿ ಹೊರಗೆ ಬರುತ್ತದೆ. ತುದಿಯ ಮೊದಲ ಹಲ್ಲನ್ನು ಬಿಟ್ಟು ಮೂರು ನಾಲ್ಕು ಸುತ್ತು ಸಾಕು. ಕೈಯಿಂದ ತಿರುಗಿಸುವಷ್ಟು ತಿರುಗಿಸಿ, ಆಮೇಲೆ ಒಂದು ಸುತ್ತು, ಬಹಳವೆಂದರೆ ಒಂದೂವರೆ. ಪೈಪಿನ ಎಲ್ಬೋ ಬೇಕಾದ ಕಡೆಗೆ ನಿಲ್ಲಲಿಲ್ಲವೆಂದು ಕಾಲು ಸುತ್ತು ಹಿಂದಕ್ಕೆ ತಿರುಗಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಟೇಪು ಅಲ್ಲೇ ಹರಿದಿರುತ್ತದೆ, ಮತ್ತೆ ಮೊದಲಿನಿಂದ ಸುತ್ತಬೇಕಾಗುತ್ತದೆ.

ಇಷ್ಟಾದರೂ ಸೋರಿದರೆ ಪಂಪು ಯಾವ ದೇಶದ ಥ್ರೆಡ್ಡಿನದು ಎಂದು ನೋಡಿ. ನಮ್ಮಲ್ಲಿ ಸಿಗುವ ಫಿಟ್ಟಿಂಗುಗಳು ಬಿಎಸ್‌ಪಿ ಮಾದರಿಯವು, ಅಮೆರಿಕದ ಮಾದರಿ ಎನ್‌ಪಿಟಿ. ಅರ್ಧ ಮತ್ತು ಮುಕ್ಕಾಲು ಅಂಗುಲದ ಅಳತೆಗಳಲ್ಲಿ ಎರಡಕ್ಕೂ ಅಂಗುಲಕ್ಕೆ 14 ಹಲ್ಲುಗಳಿರುವುದರಿಂದ ಒಂದರೊಳಗೆ ಇನ್ನೊಂದು ಸಲೀಸಾಗಿ ತಿರುಗಿ ಕೂರುತ್ತದೆ. ಆದರೆ ಹಲ್ಲಿನ ಕೋನ ಬಿಎಸ್‌ಪಿಯಲ್ಲಿ 55 ಡಿಗ್ರಿ, ಎನ್‌ಪಿಟಿಯಲ್ಲಿ 60 ಡಿಗ್ರಿ ಆಗಿರುವುದರಿಂದ ನಡುವೆ ಸುರುಳಿಯಾಕಾರದ ಸಂದು ಉಳಿದು, ನೀರಿಗೆ ದಾರಿಯಾಗುತ್ತದೆ. ಇದಕ್ಕೆ ಸರಿಯಾದ ಅಡಾಪ್ಟರ್ ತರಿಸುವುದೊಂದೇ ಪರಿಹಾರ.

ಸೋರುತ್ತಿರುವುದು ಥ್ರೆಡ್ಡಿನಲ್ಲಲ್ಲ, ಪಕ್ಕದ ಯೂನಿಯನ್ನಿನಲ್ಲಿ (ಪೈಪನ್ನು ಕತ್ತರಿಸದೆ ಬಿಚ್ಚಿ ಸೇರಿಸಬಹುದಾದ ಜೋಡಣೆ) ಎಂಬ ಸಾಧ್ಯತೆಯೂ ಉಂಟು. ನೀರು ಪೈಪಿನ ಹೊಟ್ಟೆಗುಂಟ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಎಲ್ಲವನ್ನೂ ಒಣಗಿಸಿ, ಒಂದೊಂದು ಜೋಡಣೆಗೂ ಟಿಶ್ಯೂ ಕಾಗದವನ್ನು ಸುತ್ತಿ ಪಂಪನ್ನು ಓಡಿಸಿದರೆ ಮೊದಲು ಒದ್ದೆಯಾದ ಕಾಗದವೇ ಸ್ಥಳವನ್ನು ತೋರಿಸುತ್ತದೆ. ಯೂನಿಯನ್ನಿನಲ್ಲಿ ನೀರನ್ನು ತಡೆಯುವುದು ಒಳಗಿನ ಓ-ರಿಂಗ್ ಎಂಬ ರಬ್ಬರಿನ ಉಂಗುರ. ಅದರ ಥ್ರೆಡ್ಡಿಗೆ ಟೇಪ್ ಸುತ್ತಿದರೆ ಮುಖಗಳು ಸರಿಯಾಗಿ ಕೂರದೆ ಸೋರಿಕೆ ಹೆಚ್ಚಾಗಬಹುದು. ರಿಂಗನ್ನು ತೊಳೆದು, ಚಪ್ಪಟೆಯಾಗಿದ್ದರೆ ಅಥವಾ ಸೀಳಿದ್ದರೆ ಬದಲಿಸಿ, ಕೈಯಿಂದಲೇ ಬಿಗಿ ಮಾಡಿ.

ಈಗ ಪ್ಲಂಬರರ ಸಲಹೆ. ಸಫೇದವೆಂಬುದು ಸತುವಿನದೋ ಸೀಸದ್ದೋ ಸಂಯುಕ್ತವನ್ನು ಎಣ್ಣೆಯಲ್ಲಿ ಕಲಸಿದ ಪೇಸ್ಟು. ಮನೆಯ ಪೈಪಿನಲ್ಲಿ ನೀರು ಹರಿದು ಹೋಗುತ್ತದೆ, ನಿಮ್ಮ ತೊಟ್ಟಿಯಲ್ಲಿ ಅದೇ ನೀರು ಹಗಲೂ ರಾತ್ರಿ ಅದೇ ಜೋಡಣೆಯನ್ನು ಹಾಯುತ್ತಿರುವುದರಿಂದ ಪೇಸ್ಟು ಬಿಟ್ಟದ್ದು ತೊಟ್ಟಿಯಲ್ಲೇ ಉಳಿಯುತ್ತದೆ. ಸಾಲದ್ದಕ್ಕೆ ನೂಲು ನೆನೆದು ಉಬ್ಬಿ ಪ್ಲಾಸ್ಟಿಕ್ಕನ್ನು ಒತ್ತುತ್ತದೆ. ಕಬ್ಬಿಣದ ಪೈಪಿನಲ್ಲಿ ಗುಣವಾದದ್ದು ಇಲ್ಲಿ ದೋಷ. ಹಿತ್ತಾಳೆಯ ನಿಪ್ಪಲ್ಲನ್ನೂ (ಎರಡೂ ತುದಿಗೆ ಥ್ರೆಡ್ ಇರುವ ಗಿಡ್ಡ ಪೈಪು) ಒಪ್ಪಬೇಡಿ. ಅದರಿಂದ ಬಿಡುವ ತಾಮ್ರವನ್ನು ಸಿಗಡಿ, ಬಸವನಹುಳುಗಳು ತಾಳಲಾರವು. ಸಿಲಿಕೋನಿನ ಜಾಗ ಗಾಜಿನ ಸಂದು. ಅದು ಪಿವಿಸಿಗೆ ಗಟ್ಟಿಯಾಗಿ ಅಂಟುವುದಿಲ್ಲ, ಒದ್ದೆ ಮೇಲ್ಮೈಗಂತೂ ಇಲ್ಲವೇ ಇಲ್ಲ.

ದುರಸ್ತಿ ಮಾಡುವಾಗ ಪೈಪಿನ ಭಾರ ಪಂಪಿನ ಕುತ್ತಿಗೆಯ ಮೇಲೆ ಬೀಳದಂತೆ ಸ್ಟ್ಯಾಂಡಿಗೆ ಕ್ಲಾಂಪ್ ಹಾಕಿಸಿ, ಪಂಪಿನಿಂದ ಮೇಲಕ್ಕೆ ಅರ್ಧ ಅಡಿ ಮೆದು ಹೋಸನ್ನು ಸೇರಿಸಿದರೆ ಪಂಪಿನ ನಡುಕ ಜೋಡಣೆಗೆ ತಲುಪುವುದಿಲ್ಲ. ಪಿವಿಸಿ ಸಾಲ್ವೆಂಟಿನಿಂದ ಏನಾದರೂ ಅಂಟಿಸಿದ್ದರೆ ರಾತ್ರಿಯಿಡೀ ಒಣಗಲು ಬಿಟ್ಟು, ಪೈಪನ್ನು ತೊಳೆದು ಬಳಸಿ. ಅಲ್ಲಿಯವರೆಗೆ ತೊಟ್ಟಿಗೆ ಗಾಳಿಯ ಗುಳ್ಳೆ ಬಿಡುವ ಏರ್ ಸ್ಟೋನ್ ಇರಲಿ. ಫಿಲ್ಟರಿನ ಸ್ಪಂಜು, ಸೆರಾಮಿಕ್ ತುಂಡುಗಳನ್ನು ತೊಟ್ಟಿಯ ನೀರಿನಲ್ಲೇ ನೆನೆಸಿಡಿ.

ಪ್ರಶ್ನೆ: ನಮ್ಮ ಪಂಪಿನ ಬಳಿ ಒಂದು ಹನಿಯೂ ಸೋರುವುದಿಲ್ಲ. ಆದರೆ ತೊಟ್ಟಿಯ ತುಂಬ ಹಾಲಿನಂತೆ ಸಣ್ಣ ಗುಳ್ಳೆಗಳು ಬರುತ್ತವೆ, ಪಂಪು ಗರಗರ ಎನ್ನುತ್ತದೆ.
– ಓದುಗರೊಬ್ಬರು, ಮಂಗಳೂರು

ಉತ್ತರ: ಸಂಪಿನಲ್ಲಿ ನೀರು ಕಡಿಮೆಯಾಗಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ. ಮಟ್ಟ ಸರಿಯಿದ್ದರೆ, ಸೋರಿಕೆ ಪಂಪು ನೀರನ್ನು ಎಳೆದುಕೊಳ್ಳುವ ಬದಿಯಲ್ಲಿರಬಹುದು. ಅಲ್ಲಿ ನೀರು ಹೊರಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪಂಪು ಓಡುತ್ತಿರುವಾಗ ಆ ಬದಿಯ ಒಂದೊಂದು ಜೋಡಣೆಯ ಮೇಲೂ ಸ್ವಲ್ಪ ನೀರು ಸುರಿಯಿರಿ. ಯಾವುದರ ಮೇಲೆ ಸುರಿದಾಗ ಗುಳ್ಳೆ ಕ್ಷಣಕಾಲ ನಿಲ್ಲುತ್ತದೆಯೋ ಅದನ್ನು ಬಿಚ್ಚಿ ಮೇಲೆ ಹೇಳಿದಂತೆ ಸರಿಪಡಿಸಿ. ನೀರು ಸುರಿಯುವ ಮುನ್ನ ಪಂಪಿನ ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೇರುವಂತೆ ಇಟ್ಟುಕೊಳ್ಳಿ. ವೈರಿಗುಂಟ ಇಳಿದ ಹನಿ ಆ ಬಾಗಿನಲ್ಲೇ ಕೆಳಕ್ಕೆ ಬೀಳಬೇಕು, ಸಾಕೆಟ್ಟನ್ನು ಮುಟ್ಟಬಾರದು.