ಉತಾರದಲ್ಲಿ ಯಾರ ಹೆಸರಿದೆ, ಮಾಸ್ತರರೇ?

ಪತ್ರ: "ನಮ್ಮೂರಿಗೆ ವಿದೇಶಿ ದುಡ್ಡಿನ ಯೋಜನೆಯೊಂದು ಬಂದಿದೆ. 'ಲಿಂಗ ಸಮಾನತೆ ಮತ್ತು ಸಾಮಾಜಿಕ ಒಳಗೊಳ್ಳುವಿಕೆ' ಅಂತ ಬ್ಯಾನರ್ ಕಟ್ಟಿ, ಬಿತ್ತನೆ ಹೊತ್ತಿನಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿ, ಫೋಟೋ ಹೊಡೆದು, ಚಹಾ-ಚುರುಮುರಿ ಕೊಟ್ಟು ಕಳಿಸಿದರು. ಇದೆಲ್ಲ ಪರದೇಶದವರ ಶೋಕಿ. ಮೊದಲು ನೀರು, ರಸ್ತೆ ಕೊಡಲಿ. ಹೆಣ್ಣುಮಕ್ಕಳ ಮಾತು ಆಮೇಲೆ. ನೀವೇನಂತೀರಿ?"
- ನಿವೃತ್ತ ಶಿಕ್ಷಕರು, ಹಾನಗಲ್ ತಾಲೂಕು

ಸಂಪಾದಕರ ಉತ್ತರ:

ಮಾಸ್ತರರೇ, ಫೋಟೋ ವಿಷಯದಲ್ಲಿ ನೀವು ಹೇಳಿದ್ದು ಖರೆ. ಸಭೆಗೆ ಎಷ್ಟು ಹೆಣ್ಣುಮಕ್ಕಳು ಬಂದರು ಅಂತ ತಲೆ ಎಣಿಸಿ ವರದಿ ಕಳಿಸುವ ಚಟ ಈ ಯೋಜನೆಗಳಿಗಿದೆ. ಬಿತ್ತನೆ ಹೊತ್ತಿನಲ್ಲಿ ಸಭೆ ಇಟ್ಟವರಿಗೆ ಹೊಲ ಗೊತ್ತಿಲ್ಲ, ಅಷ್ಟೇ. ಇಷ್ಟು ಒಪ್ಪಿಕೊಂಡೆ. ಇನ್ನು ಜಗಳಕ್ಕೆ ಬರೋಣ.

ಪರದೇಶದ ಶೋಕಿ ಅಂದಿರಿ. ದಿಲ್ಲಿಯವರು ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳಿಗೆ ಮೂರನೇ ಒಂದು ಪಾಲು ಕೊಟ್ಟಿದ್ದು 1993ರಲ್ಲಿ. ನಮ್ಮ ರಾಜ್ಯದ 1983ರ ಕಾಯ್ದೆ ಆಗಲೇ ಶೇಕಡಾ 25 ಸ್ಥಾನ ಇಟ್ಟಿತ್ತು. 1987ರಲ್ಲಿ ಚುನಾವಣೆಯೂ ಆಯಿತು. ಆಗ ಮಂಡಲ ಪಂಚಾಯಿತಿಗೆ ಆರಿಸಿ ಬಂದವರಿಗೆ ವಿಶ್ವಸಂಸ್ಥೆ ಪಾಠ ಹೇಳಿರಲಿಲ್ಲ. ಹೊರಗಿನವರು ಕೇಳಿದ್ದರಿಂದ ಒಳ್ಳೆಯದಾದದ್ದೂ ಇದೆ. 1975ನ್ನು ಮಹಿಳಾ ವರ್ಷ ಅಂತ ವಿಶ್ವಸಂಸ್ಥೆ ಸಾರಿತು. ಆ ಹೊತ್ತಿಗೆ ನಮ್ಮ ಸರ್ಕಾರದ ಸಮಿತಿಯೊಂದು ಹೆಣ್ಣುಮಕ್ಕಳ ಸ್ಥಿತಿಗತಿಯ ವರದಿ ಕೊಟ್ಟಿತು. ಸಾವಿರ ಗಂಡಸರಿಗೆ 1901ರಲ್ಲಿ 972 ಹೆಂಗಸರಿದ್ದರು, 1971ರಲ್ಲಿ 930ಕ್ಕೆ ಇಳಿದಿದ್ದರು. ಜನಗಣತಿ ಪುಸ್ತಕದಲ್ಲಿ ಇದ್ದ ಅಂಕಿಯೇ. ಯಾರೋ ಕೇಳುವವರೆಗೆ ನಾವು ತೆರೆದು ನೋಡಿರಲಿಲ್ಲ.

"ಮೊದಲು ನೀರು" ಅಂದಿರಿ. ಹುಬ್ಬಳ್ಳಿಯ ಎಷ್ಟೋ ಓಣಿಗಳಲ್ಲಿ ವಾರಕ್ಕೊಮ್ಮೆ, ಅದೂ ಸರಿರಾತ್ರಿ ನಳ ಬಂದಾಗ ಎದ್ದು ಕೊಡ ಹಿಡಿಯುವವರು ಯಾರು? ನೀವಂತೂ ಅಲ್ಲ, ನಾನೂ ಅಲ್ಲ. 2024ರ ಕೇಂದ್ರದ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ. ಆ ಕೆಲಸಕ್ಕೆ ಕೈ ಹಾಕುವ ಗಂಡಸರು ಕೊಡುವುದು 88. ನೀರಿನ ಮಾತು ಬೇರೆ, ಹೆಣ್ಣುಮಕ್ಕಳ ಮಾತು ಬೇರೆ ಅಂತ ಹೇಗೆ ಪಾಲು ಹಾಕಿದಿರಿ?

ನಿಮ್ಮ ಪಕ್ಕದ ರಾಣೆಬೆನ್ನೂರು ಕಡೆಯ ಬೀಜದ ಹತ್ತಿ ಹೊಲಕ್ಕೆ ಒಮ್ಮೆ ಹೋಗಿ ನಿಲ್ಲಿ. ಎರಡು ತಳಿ ಕೂಡಿಸಿ ಬೀಜ ಮಾಡುವ ಈ ಕೆಲಸಕ್ಕೆ 'ಕ್ರಾಸಿಂಗ್' ಅಂತಾರೆ. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಹುಡುಕಬೇಕು. ಹೆಬ್ಬೆರಳ ಉಗುರಿನಿಂದ ಸೀಳಿ, ಪರಾಗದ ಕಾಳುಗಳನ್ನು ಒಂದೂ ಬಿಡದಂತೆ ಕೆರೆದು ತೆಗೆಯಬೇಕು. ನಡುವಿನ ಎಳೆಗೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಗಂಡು ಹೂ ತಂದು ಅದಕ್ಕೆ ಸವರಬೇಕು. ಒಂದು ಕಾಳು ಉಳಿದರೂ ಬೀಜ ಕೆಟ್ಟಿತು. ಬಿಸಿಲಲ್ಲಿ ಬಗ್ಗಿ ಇದನ್ನು ಮಾಡುವವರು ಹೆಂಗಸರು. ಜಾಸ್ತಿ ಜನ ಹೊಲವಿಲ್ಲದ ಮನೆಯವರು, ದಲಿತ ಕೇರಿಯವರು, ತಾಂಡಾದವರು. ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ತಳಿ ತಂದ ವಿಜ್ಞಾನಿ ಕಟರಕಿಯವರನ್ನು ಧಾರವಾಡ ಸೀಮೆಯಲ್ಲಿ ನೆನೆಯುತ್ತೇವೆ, ನೆನೆಯಲೇಬೇಕು. ಆ ತಳಿಯ ಬೀಜವನ್ನು ಮೊಗ್ಗು ಮೊಗ್ಗಾಗಿ ಮಾಡಿಕೊಟ್ಟ ಉಗುರುಗಳನ್ನು ಯಾರು ನೆನೆದರು? ಕಂಪನಿಯ ಕರಾರು ಹೊಲದ ಯಜಮಾನನ ಹೆಸರಲ್ಲಿ. ಬೀಜ ಫೇಲಾದರೆ ಬೈಗುಳ ಮಾತ್ರ ಅವಳ ಹೆಸರಲ್ಲಿ.

ಡೆನ್ಮಾರ್ಕಿನ ಎಸ್ತರ್ ಬೋಸೆರಪ್ ಎಂಬ ಅರ್ಥಶಾಸ್ತ್ರಜ್ಞೆ 1970ರಲ್ಲೇ ಇದನ್ನು ಹೇಳಿದ್ದರು. ಹೊಲದಲ್ಲಿ ದುಡಿಯುವವಳು ಹೆಂಗಸು, ಅಭಿವೃದ್ಧಿಯವರು ಬಂದು ಹೊಸ ಸಲಕರಣೆ, ತರಬೇತಿ ಕೊಡುವುದು ಗಂಡಸಿಗೆ. ಅವರು ಬರೆದದ್ದು ಹೆಚ್ಚಾಗಿ ಆಫ್ರಿಕಾ ನೋಡಿ. ಓದಿದಾಗ ನನಗೆ ಕಂಡದ್ದು ಹಾವೇರಿ.

ವಿಶ್ವಬ್ಯಾಂಕಿನ ಸಾಲದ ಸುಜಲ ಜಲಾನಯನ ಯೋಜನೆ ನಿಮ್ಮ ಜಿಲ್ಲೆಗೂ ನಮ್ಮ ಧಾರವಾಡಕ್ಕೂ ಬಂದಿತ್ತಲ್ಲ. ಬದು, ಕೃಷಿಹೊಂಡ ಆದದ್ದು ಹೊಲ ಇದ್ದವರ ಹೊಲದಲ್ಲಿ. ಮತ್ತೆಲ್ಲಿ ಆಗಬೇಕು? ಹೊಲವಿಲ್ಲದವರಿಗೆ, ಹೆಂಗಸರಿಗೆ ಸ್ವಸಹಾಯ ಸಂಘ. ಅದು ತಪ್ಪಲ್ಲ. ಆದರೆ ಎಲ್ಲ ಯೋಜನೆಗಳಲ್ಲೂ ಇದೇ ಹಂಚಿಕೆ. ಆಸ್ತಿ ಅವನಿಗೆ, ಸಭೆ ಇವಳಿಗೆ.

ಸಭೆಯ ಜೊತೆಗೆ ಸಾಲವೂ ಬಂತು. 2005ನ್ನು ವಿಶ್ವಸಂಸ್ಥೆ ಕಿರುಸಾಲದ ವರ್ಷ ಅಂತ ಆಚರಿಸಿತು. ಬಡ ಹೆಂಗಸಿಗೆ ಸಾಲ ಕೊಟ್ಟರೆ ಅವಳು ಗಟ್ಟಿಯಾಗುತ್ತಾಳೆ ಅಂತ ಎಲ್ಲರೂ ನಂಬಿದರು. ಕೊಟ್ಟವರಿಗೆ ಗೊತ್ತಿದ್ದ ಗುಟ್ಟೇ ಬೇರೆ. ಅವಳು ಊರು ಬಿಟ್ಟು ಓಡುವುದಿಲ್ಲ, ಮರ್ಯಾದೆಗೆ ಅಂಜುತ್ತಾಳೆ. 2025ರ ಜನವರಿಯಲ್ಲಿ ನಿಮ್ಮ ಹಾವೇರಿ ಜಿಲ್ಲೆಯ ಹೆಂಗಸರು ಮುಖ್ಯಮಂತ್ರಿಗೆ ಅಂಚೆಯಲ್ಲಿ ತಾಳಿ ಕಳಿಸಿದ್ದು ಮರೆತಿಲ್ಲ ತಾನೇ? ವಸೂಲಿಯವರ ಕಾಟ ಅಷ್ಟಿತ್ತು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ನಿಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ಸಾಹುಕಾರನ ಬಡ್ಡಿಯಿಂದ ರೈತ ಪಾರಾಗಲಿ ಅಂತ. ಆ ಸೀಮೆಯ ಪಕ್ಕದಲ್ಲೇ ಈ ಗತಿ. ಬ್ಯಾಂಕಿನ ಅಗ್ಗದ ಬೆಳೆಸಾಲಕ್ಕೆ ಉತಾರ, ಅಂದರೆ ಹೊಲ ಯಾರ ಹೆಸರಲ್ಲಿದೆ ಅಂತ ಹೇಳುವ ಪಹಣಿ ಕಾಗದ ಬೇಕು, ಅವಳ ಹತ್ತಿರ ಅದಿಲ್ಲ. ಅದಕ್ಕೇ ಬಾಗಿಲಿಗೆ ಬಂದ ದುಬಾರಿ ಸಾಲಕ್ಕೆ ಕೈಯೊಡ್ಡಿದಳು.

ಉತಾರ ಯಾಕಿಲ್ಲ? ಕಾನೂನು ಇಲ್ಲ ಅಂತಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಪಾಲು ಅಂತ ಕರ್ನಾಟಕ 1994ರಲ್ಲೇ ಮಾಡಿತು, ದಿಲ್ಲಿ 2005ರಲ್ಲಿ. ನಾವೇನು ಮಾಡಿದೆವು? ಪಂಚಮಿಗೆ ಬಂದ ಮಗಳಿಗೆ ಇಳಕಲ್ ಸೀರೆ ಉಡಿಸಿ, ಉಂಡಿ ಕಟ್ಟಿಕೊಟ್ಟು, ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿಸಿಕೊಂಡೆವು. ಕೇಳಿದರೆ ತವರು ತಪ್ಪುತ್ತದೆ ಅನ್ನುವ ಅಂಜಿಕೆ ಅವಳಿಗೆ. ಅದು ನಮಗೂ ಚೆನ್ನಾಗಿ ಗೊತ್ತು. 2015-16ರ ಕೃಷಿ ಗಣತಿಯಲ್ಲಿ ದೇಶದ ನೂರು ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿದ್ದದ್ದು ಸುಮಾರು 14. ಇದನ್ನು ಯಾವ ಪರದೇಶದವನೂ ಬಂದು ಮಾಡಿಲ್ಲ.

ನೀವು ಓದಿಸಿದವರು, ಓದಿದವರು. ಅದಕ್ಕೇ ನಿಮ್ಮ ಮೇಲೆ ಸಿಟ್ಟು ಜಾಸ್ತಿ. ಮುಂದಿನ ಸಭೆಗೆ ನೀವೂ ಹೋಗಿ. ಹಿಂದೆ ಕೂತು ನಗಬೇಡಿ, ಎದ್ದು ನಿಂತು ಕೇಳಿ: ನಿಮ್ಮ ಯೋಜನೆಯಿಂದ ಎಷ್ಟು ಹೆಂಗಸರ ಹೆಸರು ಉತಾರಕ್ಕೆ ಏರಿತು? ಅವರು ತಡವರಿಸಿದರೆ ನನಗೆ ಬರೆಯಿರಿ, ಅಚ್ಚು ಹಾಕುತ್ತೇನೆ. ಪತ್ರದ ಕೊನೆಗೆ ನಿಮ್ಮ ಮನೆಯ ಉತಾರದಲ್ಲಿ ಅಕ್ಕ-ತಂಗಿಯರ ಹೆಸರು ಇದೆಯೋ ಇಲ್ಲವೋ ಅನ್ನುವುದನ್ನೂ ಸೇರಿಸಿ. ಅದನ್ನೂ ಹಾಕುತ್ತೇನೆ.